ಅರಗಿನ ಹಕ್ಕಳೆ

ಶುಕ್ರವಾರ ಬೆಳಿಗ್ಗೆ ಅಂಗಡಿಯ ಶಟರ್ ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ಹೋದ ಆದಪ್ಪ, ಲಿಂಗಸೂಗೂರಿನ ಖಾತೂನ್‌ಬೀಗೆಂದು ಮಾಡಿಸಿದ್ದ ಎರಡು ಚಷ್ಮಾಗಳನ್ನು ಗಾಜಿನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದ. ಫ್ರೇಮು ಎರಡರದೂ ಒಂದೇ. ಕಪ್ಪು, ದಪ್ಪ, ಮುದುಕಿಯ ಅಗಲ ಹಣೆಗೆ ಒಪ್ಪುವಂಥದು. ಒಂದರ ನಂಬರು ಅವಳ ಕಣ್ಣಿನ ಪೊರೆ ತೆಗೆದ ಡಾಕ್ಟರು ಬರೆದುಕೊಟ್ಟದ್ದು. ಇನ್ನೊಂದರದು ಆದಪ್ಪ ತಾನೇ ಇಳಿಸಿ ಬರೆದದ್ದು. ಮೊದಲನೆಯದನ್ನು ಹಾಕಿಕೊಂಡರೆ ಖಾತೂನ್‌ಬೀಗೆ ಅಕ್ಕಿಯೊಳಗಿನ ಹುಳ ಕಾಣುತ್ತದೆ, ಸೂಜಿಯ ಕಣ್ಣು ಕಾಣುತ್ತದೆ, ಗೋಡೆಗೂಡಿನಲ್ಲಿ ನೀರು ತುಂಬಿಟ್ಟ ಕಬ್ಬಿಣದ ಹೆಲ್ಮೆಟ್ಟಿನ ತಳವೂ ಕಾಣುತ್ತದೆ. ಎರಡನೆಯದನ್ನು ಹಾಕಿಕೊಂಡರೆ ಅಕ್ಕಿ ಬೆಳ್ಳಗೆ ಕಾಣುತ್ತದೆ, ಹುಳ ಕಾಣುವುದಿಲ್ಲ. ಸಿಂಧನೂರಿನ ಅರ್ಧ ಊರಿಗೆ ಚಷ್ಮಾ ಕೊಟ್ಟ ಕೈ, ಬೇಕಂತಲೇ ಕಾಣದ ಗಾಜು ಮಾಡಿಸಿದ್ದು ಇದೇ ಮೊದಲು. ವಯಸ್ಸಾದವರಿಗೆ ಒಮ್ಮೆಲೇ ಪೂರ್ತಿ ನಂಬರು ಕೊಟ್ಟರೆ ತಲೆ ತಿರುಗುತ್ತದೆ, ಮೊದಲು ಹಗುರಾದದ್ದು ಕೊಡಬೇಕು ಎಂಬ ಮಾತನ್ನು ಅವನು ಸಿದ್ಧ ಮಾಡಿಟ್ಟುಕೊಂಡಿದ್ದ. ಯಾರಾದರೂ ಕೇಳಿದರೆ ಹೇಳುವುದಕ್ಕೆ. ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಹಾಗಾಗಿ ಆ ಮಾತು ಬಾಯೊಳಗೇ ಉಳಿದು ಅಂಟಂಟಾಗಿತ್ತು.

ಮೇಲಿನ ಮನೆಯಿಂದ ಹೆಂಡತಿ ಅಮರೇಶ್ವರಿ ಮೆಟ್ಟಿಲಿಳಿದು ಬಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಳು.

“ಉಪ್ಪಿಟ್ಟು ಆರಾಕತ್ತೈತಿ. ತಿಂದಾದ್ರೂ ಹೋಗ್ರಿ.”

“ಬಸ್ ತಪ್ಪತೈತಿ.”

“ಲಿಂಗಸೂಗೂರಿಗಿ ಒಂದರ ಹಿಂದೊಂದು ಬಸ್ ಅದಾವು. ನಿಮಗ ಎಂಥಾದ್ದು ತಪ್ಪೋ ಬಸ್ಸು?” ಅಂದವಳು ಮೇಜಿನ ಕಡೆ ನೋಡಿದಳು. “ಯಾಕ, ಒಬ್ಬ ಮುದುಕಿಗಿ ಎರಡು ಚಷ್ಮಾ?”

“ಒಂದು ಹೊಂದಲಿಲ್ಲಂದ್ರ ಇನ್ನೊಂದು.”

“ನಮ್ಮ ಧರ್ಮರಾಯ್ರು!” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಹಂಗ ಆ ಮ್ಯಾಲಿನ ಕ್ವಾಣಿ ಬಾಗಲಾ ಹಾಕ್ಕೊಂಡು ಹೋಗ್ರಿ. ಅರಿವಿ ಒಣಗ್ಸಾಕ ಹೋದ್ರ, ಒಳಗ ಮಂದಿ ಕುಂತು ಮಾತಾಡೋರು ನನ್ನ ನೋಡಿ ಸುಮ್ಮನಾದಂಗ ಆಕೈತಿ” ಎಂದಳು.

ಆ ಕೋಣೆಯಲ್ಲಿ ಇದ್ದವು ಹೆಲ್ಮೆಟ್ಟುಗಳು. ಬೈಕಿನವಲ್ಲ, ಯುದ್ಧದವು. ಬಾಂಗ್ಲಾ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪಿನಲ್ಲಿ ಕೋಳಿಗೆ ನೀರಿಡುತ್ತಿದ್ದುದು ಒಂದು. ತುರ್ವಿಹಾಳದ ಒಬ್ಬ ರೈತ ಬಿತ್ತನೆ ಭತ್ತ ಅಳೆಯಲು ಇಟ್ಟುಕೊಂಡಿದ್ದುದು ಇನ್ನೊಂದು. ಒಂದರ ಒಳಗಿನ ಚರ್ಮದ ಪಟ್ಟಿಯಲ್ಲಿ ಯಾರದೋ ಬೆವರು ಕಪ್ಪಾಗಿ ಕೂತಿತ್ತು. ಒಂದರ ಅಂಚಿನಲ್ಲಿ ಯಾವನೋ ಮೊಳೆಯಿಂದ ಹೆಸರಿನ ಮೊದಲ ಎರಡಕ್ಷರ ಕೆತ್ತಿ, ಮೂರನೆಯದಕ್ಕೆ ಪುರಸತ್ತು ಸಿಗದೆ ಬಿಟ್ಟಿದ್ದ. ಹೊಸದು, ಪೆಟ್ಟಾಗದ್ದು, ಗೋದಾಮಿನಲ್ಲೇ ಮುದುಕಾದದ್ದು ಆದಪ್ಪನಿಗೆ ಬೇಡ. ತಲೆಯೊಂದು ಒಳಗಿದ್ದಾಗ ಹೊರಗಿನಿಂದ ಏನೋ ಬಂದು ತಾಗಿರಬೇಕು; ಆ ಗುರುತು ಇರಬೇಕು. ಯಾಕೆಂದು ಅವನಿಗೂ ಹೇಳಲು ಬರುತ್ತಿರಲಿಲ್ಲ. ಹಳೆಯ ಚಷ್ಮಾ ಕೈಗೆ ಬಂದರೆ ಮೂಗಿನ ಮೇಲೆ ಕೂತು ಸವೆದ ಜಾಗವನ್ನು ಬೆರಳಿನಿಂದ ಸವರಿ ಆ ಮುಖವನ್ನು ಊಹಿಸುವ ಚಟ ಮೊದಲಿನಿಂದಲೂ ಇತ್ತು. ಅದೇ ಬೆಳೆದು ಇಲ್ಲಿಗೆ ಬಂದಿರಬೇಕು. ಗೋಡೆಗೆ ಗೂಟ ಹೊಡೆದು, ಆಳೆತ್ತರಕ್ಕೆ ಅವನ್ನು ತೂಗುಹಾಕಿದ್ದ. ಒಮ್ಮೊಮ್ಮೆ ಮಧ್ಯಾಹ್ನ ಗಿರಾಕಿ ಇಲ್ಲದಾಗ ಮೇಲೆ ಹೋಗಿ, ಒಂದೊಂದರ ಅಂಚಿನ ಕೆಳಗಿನ ಖಾಲಿ ಜಾಗದಲ್ಲಿ ಹೆಬ್ಬೆರಳು ತೋರುಬೆರಳು ಅಗಲಿಸಿ, ಎರಡು ಕಣ್ಣುಗಳ ನಡುವಿನ ಅಂತರ ಅಳೆಯುವವನಂತೆ ನಿಲ್ಲುತ್ತಿದ್ದ. ಬೆರಳು ತಂಪಾಗುತ್ತಿದ್ದವು. ಬಜಾರದ ಮಂದಿ ‘ಟೋಪಿ ಆದಪ್ಪ’ ಎಂದು ಹೆಸರಿಟ್ಟಿದ್ದರು. ಅವನು ಕೇಳಿಸಿಕೊಂಡರೂ ಕೇಳಿಸದವನ ಹಾಗೆ ಗಾಜು ಒರೆಸುತ್ತಿದ್ದ.

ಇವತ್ತು ಬಾಗಿಲು ಹಾಕಲು ಮೇಲೆ ಹೋದವನು ಕೋಣೆಯ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಒಂದರ ಕಡೆ ಮಾತ್ರ ನೋಡಲಿಲ್ಲ. ಅದು ಖಾತೂನ್‌ಬೀಯ ಅಪ್ಪನದು. ತಾಟಿನಂಥ ಅಗಲ ಅಂಚಿನ, ಬರ್ಮಾ ಯುದ್ಧದ ಕಾಲದ ಹೆಲ್ಮೆಟ್ಟು. ಎಡ ಹುಬ್ಬಿನ ಮೇಲೆ ಬರುವ ಜಾಗದಲ್ಲಿ ಒಂದು ತೂತು. ತೂತಿನ ಅಂಚು ಒಳಮುಖವಾಗಿ ಬಾಗಿದೆ. ಒಂದೇ ಒಂದು ಸಲ ಅದನ್ನು ತಲೆಗೆ ಹಾಕಿಕೊಂಡು ನೋಡಿದ್ದ. ಬೇರೆ ಯಾವುದನ್ನೂ ಹಾಗೆ ಹಾಕಿಕೊಂಡವನಲ್ಲ. ಅಂಗಡಿಯ ಕನ್ನಡಿಯ ಮುಂದೆ ನಿಂತಾಗ ತೂತಿನೊಳಗಿಂದ ಬಂದ ಗಾಳಿ, ಯಾರೋ ಹತ್ತಿರ ಬಂದು ಹಣೆಯ ಮೇಲೆ ಮೆಲ್ಲಗೆ ಊದಿದಂತೆ, ಒಂದೇ ಬಿಂದುವಿಗೆ ಬಡಿದಿತ್ತು. ಅಂಗಡಿಯ ಫ್ಯಾನು ಆಗ ನಿಂತಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎರಡೂ ಕಡೆ ನಾಟಿ ಮಾಡಿದ ಗದ್ದೆ, ಗದ್ದೆಯಲ್ಲಿ ನಿಂತ ನೀರು, ನೀರಿನಲ್ಲಿ ಬಿದ್ದ ಆಕಾಶ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಳಗಿನ ಎರಡು ಡಬ್ಬಿಗಳನ್ನು ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಿದ. ಬಲಕ್ಕಿರುವುದು ಕಾಣುವ ಗಾಜು. ಎಡಕ್ಕಿರುವುದು ಕಾಣದ ಗಾಜು. ಮೊದಲ ಸಲ ಲಿಂಗಸೂಗೂರಿಗೆ ಹೋದಾಗಲೂ ಇದೇ ಕಡೆ ಕೂತಿದ್ದ. ಖಾತೂನ್‌ಬೀಯ ಮೊಮ್ಮಗ ಹಫೀಜ್, ಹತ್ತಿ ಮಿಲ್ಲಿನ ಲಾರಿ ಓಡಿಸುವವನು, ಚಷ್ಮಾ ರಿಪೇರಿಗೆ ಬಂದು ಗೋಡೆಯ ಮೇಲಿನ ಒಂದು ಹೆಲ್ಮೆಟ್ಟಿನ ಫೋಟೋ ನೋಡಿ, “ಇಂಥಾದ್ದು ನಮ್ಮ ಮನ್ಯಾಗೂ ಒಂದೈತ್ರಿ ಅಣ್ಣಾರ, ನಮ್ಮ ದಾದೀ ಅಪ್ಪಂದು” ಎಂದಿದ್ದ. ಆ ಮಾತು ಕೇಳಿದ ಮೇಲೆ ಆದಪ್ಪನಿಗೆ ಅಂಗಡಿಯಲ್ಲಿ ಕೂರಲು ಆಗಿರಲಿಲ್ಲ.

ಅವಳ ಮನೆಯ ಗೋಡೆಗೂಡಿನಲ್ಲಿ, ಬಟ್ಟೆಯ ಸಿಂಬಿಯ ಮೇಲೆ, ಬೋರಲು ಅಲ್ಲ, ಬಟ್ಟಲಿನಂತೆ ಮೇಲ್ಮುಖವಾಗಿ ಕೂತಿತ್ತು ಅದು. ಆಗ ಕಣ್ಣಿನ ತುಂಬ ಪೊರೆ ಬಂದಿದ್ದ ಖಾತೂನ್‌ಬೀ, ಅವನ ಧ್ವನಿ ಬಂದ ದಿಕ್ಕಿಗೆ ಮುಖ ಮಾಡಿ ಹೇಳಿದ್ದಳು: “ನಾ ಅಮ್ಮಾನ ಹೊಟ್ಟ್ಯಾಗಿದ್ದೆ ಬೇಟಾ, ಅಬ್ಬಾ ಬರ್ಮಾದಾಗ ಹೋದ. ನೀರು ನೀರು ಅನ್ಕೋತ ಹೋದನಂತ. ನೀರು ಕೊಡಾಕ ಯಾರೂ ಇರಲಿಲ್ಲ. ಸಂಗಾಟ ಇದ್ದಾಂವ ಇದನ್ನಷ್ಟ ತಂದು ಅಮ್ಮಾನ ಉಡ್ಯಾಗ ಹಾಕಿ ಹೋದ. ಅವತ್ತಿನಿಂದ ಜುಮ್ಮೇರಾತ್, ಅಂದ್ರ ಗುರುವಾರ ಸಂಜಿಗಿ ಇದರಾಗ ನೀರು ತುಂಬತೀವಿ, ಜುಮ್ಮಾ ದಿನ ಮುಂಜಾನಿ ಗೋರಂಟಿ ಗಿಡಕ್ಕ ಹಾಕತೀವಿ. ಒಳಗ ಕೈ ಹಾಕಂಗಿಲ್ಲ. ಅಂಚು ಹಿಡಕೊಂಡು ಎತ್ತೋದು, ಅಂಚು ಹಿಡಕೊಂಡು ಇಡೋದು. ತಲಿಗಿ ಪೆಟ್ಟಾಗೈತಲ್ಲ, ನೋವಾಕೈತಿ.” ಕೊನೆಯ ಮಾತನ್ನು ಅವಳು ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗದಿರಲೆಂಬಂತೆ ದನಿ ತಗ್ಗಿಸಿ ಹೇಳಿದ್ದಳು. ಆದಪ್ಪ ಕತ್ತು ಚಾಚಿ ಒಳಗೆ ನೋಡಿದ. ಎಡಕ್ಕೆ, ಕೆಂಪುಗಪ್ಪಾದ ಒಂದು ಗಂಟು. ಅದರ ಹಿಂದೆ ತೂತಿದೆ ಎಂದು ತಿಳಿದ ಕ್ಷಣ ಅವನ ಬಾಯಿ ತಾನಾಗಿ ಮಾತಾಡಿತು: “ತುಕ್ಕು ಹತ್ತಾಕತ್ತೈತ್ರಿ ಅಮ್ಮಾ. ನಾಕು ದಿನ ನನ್ನ ಕೈಯಾಗ ಕೊಡ್ರಿ, ಎಣ್ಣಿ ಹಚ್ಚಿ ತಂದು ಕೊಡ್ತೀನಿ.” ಅವಳು ಹೆಲ್ಮೆಟ್ಟಿನ ಅಂಚು ಸವರಿ, “ಜುಮ್ಮೇರಾತ್‌ಕ್ಕ ಮುಂಚೆ ಬರಬೇಕು ನೋಡಪಾ” ಎಂದಿದ್ದಳು.

ಸಿಂಧನೂರಿಗೆ ತಂದು, ಮೇಲಿನ ಮನೆಯಲ್ಲಿ ಅಮರೇಶ್ವರಿ ಮಧ್ಯಾಹ್ನ ಮಲಗಿದ ಹೊತ್ತು ನೋಡಿ, ಅಂಗಡಿಯಲ್ಲಿ ಫ್ರೇಮು ಬಾಗಿಸಲು ಬಿಸಿಗಾಳಿ ಊದುವ ಯಂತ್ರವನ್ನು ಆ ಗಂಟಿಗೆ ಹಿಡಿದಿದ್ದ. ಮಣ್ಣೋ ಡಾಂಬರೋ ಎಂದುಕೊಂಡಿದ್ದ. ಅದು ಮೆತ್ತಗಾಗಿ ಮಿನುಗಿತು. ಒಂಥರಾ ಸಿಹಿಯಾದ, ಎಂದೋ ಮೂಸಿ ಮರೆತ ವಾಸನೆ ಅಂಗಡಿ ತುಂಬಿತು. ಸಣ್ಣ ಸ್ಕ್ರೂಡ್ರೈವರಿನಿಂದ ಮೀಟಿದಾಗ, ಮಾಗದ ಗಾಯದ ಮೇಲಿನ ಹಕ್ಕಳೆ ಏಳುವ ಹಾಗೆ ಒಂದೇ ಸಲ ಎದ್ದು ಬಂತು. ಕೆಳಗೆ ತೂತು. ಅವನ ಜೀವನದಲ್ಲಿ ಅಷ್ಟು ಸಂತೋಷ ಯಾವಾಗ ಆಗಿತ್ತೋ ನೆನಪಿಲ್ಲ. ಕಿತ್ತು ತೆಗೆದ ಗಂಟಿನಲ್ಲಿ ಕನ್ನಡಿಯ ಒಂದು ಚೂರು ಮಿಂಚಿದ್ದನ್ನು ನೋಡಿದ್ದ. ನೋಡಿಯೂ ಪೇಪರಿನಲ್ಲಿ ಮಡಚಿ ಬುಟ್ಟಿಗೆ ಹಾಕಿದ್ದ. ಮರುದಿನ ಕಸದ ಗಾಡಿ ಹಾಡು ಹಾಕಿಕೊಂಡು ಬಂದು ಒಯ್ದಿತ್ತು. ಗುರುವಾರ ಹತ್ತಿರ ಬಂದಾಗ ಹೆಲ್ಮೆಟ್ಟಿಗೆ ನೀರು ಹಾಕಿ ನೋಡಿದ. ನೀರು ನಿಲ್ಲಲಿಲ್ಲ. ಏನಾದರೂ ಮೆತ್ತಿ ತೂತು ಮುಚ್ಚಬಹುದಿತ್ತು, ಅದು ಗೊತ್ತಿತ್ತು. ಮುಚ್ಚಲು ಕೈ ಬರಲಿಲ್ಲ. ಅದರ ಬದಲು ಮಸ್ಕಿಗೆ ಹೋಗಿ, ಗುಜರಿ ದಾವಲ್‌ಸಾಬ್‌ನಿಂದ ಅದೇ ಕಾಲದ, ಅದೇ ಅಗಲ ಅಂಚಿನ, ತೂತಿಲ್ಲದ ಇನ್ನೊಂದನ್ನು ತಂದು, ಎಣ್ಣೆ ಹಚ್ಚಿ, ಖಾತೂನ್‌ಬೀಯ ಗೂಡಿನಲ್ಲಿ ಸಿಂಬಿಯ ಮೇಲೆ ಇಟ್ಟು ಬಂದ. ಪೊರೆ ಬಂದ ಕಣ್ಣು ಅದನ್ನು ನೋಡಿ ತೃಪ್ತಿಯಿಂದ ತೇವವಾಯಿತು. ಆಗ ಅವಳು ಕೇಳಿದಳು: “ಒಳಗಿನ ಅರಗಿಗಿ ಎಣ್ಣಿ ತಾಗ್ಸಿಲ್ಲಲ್ಲ? ನಮ್ಮಮ್ಮಾನ ಮದಿವಿ ಬಳಿ ಅದು. ಅಬ್ಬಾ ಹೋದ ಸುದ್ದಿ ಬಂದಾಗ ಕೈಯಾಗಿನ ಅರಗಿನ ಬಳಿ ತಗದು, ಒಲ್ಯಾಗ ಕಾಸಿ, ಆ ತೂತಿಗಿ ತುಂಬಿದ್ಳು. ಬ್ಯಾರೆಯವ್ರ ಕೈಲೆ ಬಳಿ ಒಡಿಸ್ಕೊಳ್ಳಲಿಲ್ಲ.” ಆದಪ್ಪ ಹೇಳಿದ್ದು ಒಂದೇ ಮಾತು: “ಇಲ್ರಿ ಅಮ್ಮಾ, ಮುಟ್ಟಿಲ್ಲ.” ಆಮೇಲೆ ಸಿಂಧನೂರಿನ ಕಸ ಸುರಿಯುವ ಬಯಲಿನಲ್ಲಿ ಕೋಲು ಹಿಡಿದು ಹಂದಿಗಳ ನಡುವೆ ಕೆದಕುತ್ತಿದ್ದಾಗ, ತನ್ನಿಂದ ಚಷ್ಮಾ ಮಾಡಿಸಿಕೊಂಡ ಮಾಸ್ತರರೊಬ್ಬರು ಬೈಕು ನಿಲ್ಲಿಸಿ, “ಏನ್ ಕಳಕೊಂಡ್ರಿ ಆದಪ್ಪನವರ?” ಎಂದು ಕೇಳಿದ್ದರು. “ಒಂದು ಲೆನ್ಸ್ ರೀ” ಎಂದಿದ್ದ. ಅವರೂ ಬೈಕಿನಿಂದ ಇಳಿದು, ಧೋತರದ ಅಂಚು ಎತ್ತಿ ಹಿಡಿದು, ಪಾಪ, ಅವನ ಜೊತೆ ಹುಡುಕಿದ್ದರು.

ಮಸ್ಕಿಯಲ್ಲಿ ಬಸ್ಸು ನಿಂತಿತು. ಕಿಟಕಿಯ ಕೆಳಗೆ ಚಹದ ಗ್ಲಾಸು ಹಿಡಿದು ನಿಂತಿದ್ದವನು ಬೇರೆ ಯಾರೂ ಅಲ್ಲ, ದಾವಲ್‌ಸಾಬ್‌ನೇ. ಆದಪ್ಪ ಮುಖ ತಿರುಗಿಸುವಷ್ಟರಲ್ಲಿ ಅವನು ಕಿಟಕಿಯ ಸರಳು ಬಡಿದ.

“ಏನೋ ಟೋಪಿ ಆದಪ್ಪಣ್ಣಾ! ಗುರ್ತು ಹಿಡೀದವ್ರಂಗ ಕುಂತೀಯಲ್ಲ!”

“ನೋಡಲಿಲ್ಲ ಸಾಬ್ರ.”

“ಮಂದೀಗೆಲ್ಲಾ ಚಷ್ಮಾ ಕೊಡಾಂವ, ನೀ ನೋಡಂಗಿಲ್ಲ. ಇರಲಿ. ನನ್ನ ಟೋಪಿ ಎಲ್ಲಿಟ್ಟಿ? ಗ್ವಾಡಿಗಿ ಹಾಕಿದೇನು?”

“ಹೂಂ… ಇಟ್ಟೀನಿ.”

“ಚೊಲೊ ಮಾಲು ಅದು. ತಿರುವಿ ತಿರುವಿ ನೋಡಿದ್ನಪಾ, ಒಂದು ಗೆರಿ ಇಲ್ಲ, ಒಂದು ತಗ್ಗಿಲ್ಲ. ಅದನ್ನ ಹಾಕ್ಕೊಂಡಾಂವ ಗ್ಯಾರಂಟಿ ಮನಿಗಿ ಬಂದಾನ. ಬಂದು, ಮದಿವ್ಯಾಗಿ, ಹೆಂಡ್ತಿ ಕೂಡ ಜಗಳಾಡಿ, ಮುದುಕಾಗಿ ಸತ್ತಾನ.” ದಾವಲ್‌ಸಾಬ್ ತನ್ನ ಮಾತಿಗೆ ತಾನೇ ಖುಷಿಯಾಗಿ ನಕ್ಕ. “ನಿನಗ ಅಂಥಾದ್ದು ಸೇರಂಗಿಲ್ಲ ಬಿಡು. ನಿನಗ ಸತ್ತೋರದೇ ಬೇಕು.”

ಬಸ್ಸು ಹೊರಟರೂ ಆ ನಗು ಸರಳಿನ ಮೇಲೆ ಸ್ವಲ್ಪ ದೂರ ತಗುಲಿಕೊಂಡು ಬಂತು. ಗದ್ದೆ ಮುಗಿದು, ತೊಗರಿ, ಜೋಳದ ಒಣಭೂಮಿ ಶುರುವಾಯಿತು. ಬದುಕಿ ಮನೆಗೆ ಬಂದವನೊಬ್ಬ, ಹೆಸರಿಲ್ಲದವನು, ತಿಂಗಳುಗಳಿಂದ ಲಿಂಗಸೂಗೂರಿನ ಗೂಡಿನಲ್ಲಿ ಕೂತು, ನೀರಿಲ್ಲದೆ ಸತ್ತವನ ಪಾಲಿನ ನೀರು ತೆಗೆದುಕೊಳ್ಳುತ್ತಿದ್ದಾನೆ. ಸತ್ತವನು ಸಿಂಧನೂರಿನ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದಾನೆ. ಹೀಗೆ ಯೋಚಿಸಬಾರದು ಅನ್ನಿಸಿತು. ಕಬ್ಬಿಣ, ಬರೀ ಕಬ್ಬಿಣ. ಆದರೆ ಬರೀ ಕಬ್ಬಿಣವಾಗಿದ್ದರೆ ತನಗೆ ಯಾಕೆ ಬೇಕಾಗಿತ್ತು? ಎಡಗಡೆಯ ಡಬ್ಬಿಯ ಮೇಲೆ ಕೈ ಇಟ್ಟ. ಇವತ್ತು ಇದನ್ನು ಕೊಟ್ಟರೆ ಎಲ್ಲವೂ ಇದ್ದಲ್ಲೇ ಇರುತ್ತದೆ. ಅವಳಿಗೆ ವಯಸ್ಸಾಗಿದೆ. ಮಂಜು ಮಂಜಾಗಿ ಕಾಣುವುದರಲ್ಲಿ ಏನು ಕಷ್ಟ? ಇಷ್ಟು ವರ್ಷ ಹಾಗೇ ಇರಲಿಲ್ಲವೇ?

ಖಾತೂನ್‌ಬೀ ಬಾಗಿಲಿಗೆ ಎದುರಾಗಿ ಹೊರಸಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಗೆದ ಬಿಳಿ ಸೀರೆ ಉಟ್ಟು, ಮದುವೆಗೆ ಹೊರಟವಳಂತೆ ಸಿಂಗಾರವಾಗಿದ್ದಳು. ಪಕ್ಕದ ಮನೆಯ ಮುದುಕಮ್ಮ ನೆಲದ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಹಫೀಜ್ ಇವತ್ತು ಲಾರಿಗೆ ಹೋಗದೆ ಮನೆಯಲ್ಲೇ ಇದ್ದ.

“ಬಾ ಬೇಟಾ, ಬಾ. ಮುಂಜಾನಿಂದ ಕುಂತೀನಿ. ನೀರೂ ಇನ್ನಾ ಚೆಲ್ಲಿಲ್ಲ. ಚಷ್ಮಾ ಹಾಕ್ಕೊಂಡು, ಅಬ್ಬಾನ ಕಣ್ಣುತುಂಬ ನೋಡಿ, ಆಮ್ಯಾಲ ಚೆಲ್ತೀನಿ ಅಂತ ಇಟ್ಟೀನಿ.”

“ಒಂದು ಚಷ್ಮಾಕ್ಕ ಇಷ್ಟು ಸಂಭ್ರಮ ಮಾಡ್ಯಾಳ್ರಿ ಈಕಿ,” ಮುದುಕಮ್ಮ ನಕ್ಕಳು. “ಮೊದಲ ನನ್ನ ಮಾರಿ ನೋಡಬೇಕಂತ ಹೇಳೀನಿ. ನಾ ಇನ್ನಾ ಹರೇದಾಕಿ ಇದ್ದೀನಂತ ತಿಳ್ಕೊಂಡಾಳ.”

ಆದಪ್ಪ ಚೀಲಕ್ಕೆ ಕೈ ಹಾಕಿದ. ಕೈ ಎಡಕ್ಕೇ ಹೋಯಿತು. ಅವಳ ಮುಂದೆ ಮೊಣಕಾಲೂರಿ ಕೂತು, ಎರಡೂ ಕೈಯಿಂದ ಚಷ್ಮಾ ಹಿಡಿದು, ಕಿವಿಯ ಹಿಂದಿನ ಸುಕ್ಕುಚರ್ಮಕ್ಕೆ ಒತ್ತದಂತೆ ಅದರ ಕಡ್ಡಿಗಳನ್ನು ಸೇರಿಸಿದ. ದಿನವೂ ಮಾಡುವ ಕೆಲಸ. ಅವಳು ಕಣ್ಣು ಪಿಳುಕಿಸಿ, ತನ್ನ ಅಂಗೈ ನೋಡಿಕೊಂಡಳು. ದೂರ ಹಿಡಿದಳು, ಹತ್ತಿರ ಹಿಡಿದಳು. ಮುದುಕಮ್ಮ ಅವಳ ಅಂಗೈಯಲ್ಲಿ ಅಡಿಕೆ ಹೋಳು ಇಟ್ಟಳು.

“ಏನೈತಿ ಹೇಳು?”

“ಅಡಿಕಿ ಇರಬೇಕು. ವಾಸನಿ ಬಂತು,” ಎಂದು ಖಾತೂನ್‌ಬೀ ಮೆಲ್ಲಗೆ ನಕ್ಕಳು. “ಹೊಗಿ ಹೊಗಿ ಕಾಣತೈತಿ. ಇರಲಿ ಬಿಡು. ನನ್ನ ಕಣ್ಣು ಇಷ್ಟ ಇರಬೇಕು. ಪಾಪ, ಅಷ್ಟು ದೂರದಿಂದ ತಂದಾನ, ಇದರಾಗ ಆತನ ತಪ್ಪೇನೈತಿ?” ಅಂದವಳು ಕೈ ಚಾಚಿ ಅವನ ತಲೆಯನ್ನು ಹುಡುಕಿ, ಹಣೆಯ ಎಡಭಾಗವನ್ನು ಸವರಿ, ತನ್ನ ಬೆರಳುಗಳ ನೆಟಿಗೆ ಮುರಿದಳು.

ಅವಳು ಬೈದಿದ್ದರೆ, ಅನುಮಾನದಿಂದ ಒಂದು ಮಾತು ಕೇಳಿದ್ದರೆ, ಸಿದ್ಧ ಮಾಡಿಟ್ಟುಕೊಂಡಿದ್ದ ಮಾತನ್ನು ಹೇಳಿ ಎದ್ದುಬರುತ್ತಿದ್ದ. ಆ ಬೆರಳು ಸವರಿದ ಜಾಗ ಚುರುಗುಟ್ಟಿತು. ಮೈಮೇಲಿನ ಅಂಗಿ ಎಲ್ಲರೆದುರು ಬಿಚ್ಚಿ ಬಿದ್ದಂತಾಗಿ, “ತಡೀರಿ ಅಮ್ಮಾ, ತಪ್ಪಿ ಬ್ಯಾರೆಯವ್ರದು ಹಾಕಿದೆ” ಎಂದು ಅದನ್ನು ತೆಗೆದು, ಬಲಗಡೆಯ ಡಬ್ಬಿ ತೆರೆದ. ಆಗಲಿ. ಕಾಣಲಿ. ಅವಳು ನೋಡಲಿ, ಕೇಳಲಿ, ಹಫೀಜ್ ಕುತ್ತಿಗೆಪಟ್ಟಿ ಹಿಡಿಯಲಿ. ಸಂಜೆಯೊಳಗೆ ಸಿಂಧನೂರಿನಿಂದ ಅದನ್ನು ತಂದು ಇಲ್ಲಿ ಇಟ್ಟುಬಿಡುತ್ತೇನೆ, ಕಾಲು ಹಿಡಿಯುತ್ತೇನೆ, ಮುಗಿಯಿತು. ಚಷ್ಮಾ ಅವಳ ಮೂಗಿನ ಮೇಲೆ ಕೂರುವಷ್ಟರಲ್ಲಿ ಆದಪ್ಪನಿಗೆ ಮೈ ಹಗುರಾಗಿ, ಎಷ್ಟೋ ದಿನಗಳ ಮೇಲೆ ಉಸಿರು ಪೂರ್ತಿಯಾಗಿ ಒಳಗೆ ಹೋಯಿತು.

“ಯಾ ಅಲ್ಲಾ!” ಎಂದಳು ಖಾತೂನ್‌ಬೀ. ತನ್ನ ಕೈಯ ನರ, ಸೀರೆಯ ಎಳೆ, ಹೊರಸಿನ ನುಲಿ ಎಲ್ಲವನ್ನೂ ನೋಡಿದಳು. ಮುದುಕಮ್ಮನ ಕಡೆ ತಿರುಗಿ, “ಲೇ, ನೀ ಇಷ್ಟು ಮುದಿಕಿ ಆಗೀಯಲ್ಲ!” ಎಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಮೇಲೆ ಗೂಡಿನ ಕಡೆ ಕೈ ತೋರಿಸಿದಳು. ಹಫೀಜ್ ಅಂಚು ಹಿಡಿದು, ನೀರು ತುಳುಕದಂತೆ ಹೆಲ್ಮೆಟ್ಟನ್ನು ಇಳಿಸಿ, ಸಿಂಬಿ ಸಮೇತ ಅವಳ ತೊಡೆಯ ಮೇಲೆ ಇಟ್ಟ. ಅವಳು ಬಗ್ಗಿದಳು. ಚಷ್ಮಾ ನೀರಿನಲ್ಲಿ ಎರಡು ಬೆಳಕಾ‍ಗಿ ತೇಲಿತು.

ಅಡಕತ್ತರಿ ನಿಂತಿತ್ತು.

“ಅರಗು ಎಲ್ಲೈತಿ?”

“ಅಮ್ಮಾ, ಅದು… ನಾ ನಿಮಗ ಒಂದು ಮಾತು…” ಆದಪ್ಪ ಶುರುಮಾಡಿದ.

ಅವಳು ಅವನ ಮಾತು ಕೇಳಿಸಿಕೊಳ್ಳಲಿಲ್ಲ. “ತೂತೂ ಇಲ್ಲ,” ಎಂದಳು. “ಹಫೀಜಾ, ನೀರು ಏನರ ಸೋರೈತೇನು?”

“ಇಲ್ಲ ದಾದೀ. ನಿನ್ನಿ ನೀ ಹಾಕಿದಷ್ಟೂ ಐತಿ.”

ಖಾತೂನ್‌ಬೀ ತಲೆಯೆತ್ತಿದಳು. ಗಾಜಿನ ಹಿಂದೆ ಅವಳ ಕಣ್ಣುಗಳು ದೊಡ್ಡವಾಗಿ, ಹಸುಗೂಸಿನ ಕಣ್ಣಿನಂತೆ ಕಂಡವು. ಯಾವತ್ತೂ ಯಾರೂ ಕೈ ಹಾಕದ ಆ ನೀರಿಗೆ ಅವಳು ಕೈ ಹಾಕಿದಳು. ಎಡಗಡೆ ಅದೇ ಜಾಗದಲ್ಲಿ ಬೆರಳು ಆಡಿಸಿದಳು. ಹಿಂದೆ ಮುಂದೆ, ಹಿಂದೆ ಮುಂದೆ, ಜ್ವರ ಬಂದ ಮಗುವಿನ ಹಣೆ ನೀವುವ ಹಾಗೆ.

“ಮಾಯ್ದೈತಿ,” ಎಂದಳು. “ಮುದುಕಮ್ಮಾ, ಬಾರೇ ಇಲ್ಲಿ. ಗಾಯ ಮಾಯ್ದೈತಿ. ಅರಗು ತಾನ ಉದುರಿ ಬಿದ್ದೈತಿ. ಅಮ್ಮಾ ಸಾಯೂ ತನಕಾ ನೀರು ಹಾಕಿದ್ಳು, ನಾ ಹಾಕಿದೆ. ಇಷ್ಟು ವರ್ಷ ಹಾಕಿ ಹಾಕಿ, ನೋಡು, ಮಾಯ್ದೈತಿ!”

ಮುದುಕಮ್ಮ ಎದ್ದು ಬಂದು ನೋಡಿ, ಎರಡೂ ಕೈ ಕೆನ್ನೆಗೆ ಬಡಿದುಕೊಂಡಳು. ಖಾತೂನ್‌ಬೀ ಆದಪ್ಪನ ಮುಂಗೈ ಹಿಡಿದು ಎಳೆದು, ಅವನ ತೋರುಬೆರಳನ್ನು ನೀರಿನೊಳಗೆ ಆ ನುಣ್ಣನೆಯ ಜಾಗಕ್ಕೆ ಒತ್ತಿದಳು. “ನೀ ಹೇಳು ಬೇಟಾ. ಕಣ್ಣಿನ ಕೆಲಸ ಮಾಡಾಂವ ನೀ. ತೂತು ಐತೇನು?”

ಹಫೀಜ್ ಅವನನ್ನೇ ನೋಡುತ್ತಿದ್ದ. ಮೊದಲು ಅವನ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ತಿಳಿಯಿತು ಅವನಿಗೆ. ತಿಳಿದದ್ದು ಕಣ್ಣಿನಿಂದ ದವಡೆಗೆ ಇಳಿದದ್ದನ್ನು ಆದಪ್ಪ ನೋಡಿದ. ಬೆರಳಿನ ಕೆಳಗೆ ಕಬ್ಬಿಣ ನುಣ್ಣಗೆ, ತಂಪಾಗಿ, ಬದುಕಿ ಮನೆಗೆ ಬಂದವನ ಹಣೆಯಂತಿತ್ತು.

“ಹೇಳ್ರಿ ಅಣ್ಣಾರ,” ಎಂದ ಹಫೀಜ್, ತಗ್ಗಿದ ದನಿಯಲ್ಲಿ. “ದಾದೀ ಕೇಳಾಕತ್ತಾಳ.”

“ಇಲ್ರಿ,” ಎಂದ ಆದಪ್ಪ. “ತೂತಿಲ್ಲ. ಮಾಯ್ದೈತಿ.”

ಆ ನೀರನ್ನು ಅವಳು ಗೋರಂಟಿ ಗಿಡಕ್ಕೆ ಹಾಕಲಿಲ್ಲ. “ಅಬ್ಬಾನ ನೀರಡಿಕಿ ತೀರೈತಿ. ಇನ್ನ ನೀರಿಡೋದು ಬ್ಯಾಡ. ಇದು ಕಡೀದು, ಮನಷಾರು ಕುಡೀಲಿ” ಎಂದು ಗ್ಲಾಸು ತರಿಸಿದಳು. ಮುದುಕಮ್ಮ ಒಂದು ಗುಟುಕು ಕುಡಿದು, ಉಳಿದದ್ದನ್ನು ಕಣ್ಣಿಗೆ ಒತ್ತಿಕೊಂಡಳು. ಖಾತೂನ್‌ಬೀ ಕುಡಿದಳು. ಹಫೀಜ್ ಗ್ಲಾಸು ತೆಗೆದುಕೊಂಡು ತುಟಿಗೆ ತಾಗಿಸಿ ಕೆಳಗಿಟ್ಟ. ಆದಪ್ಪನೂ ಅಷ್ಟೇ ಮಾಡಬೇಕೆಂದಿದ್ದ. ಆದರೆ ಕಬ್ಬಿಣದ ಒಗರಿನ ಆ ನೀರು ನಾಲಿಗೆಗೆ ತಾಗಿದ್ದೇ ತಡ, ಗ್ಲಾಸು ಖಾಲಿಯಾಗಿತ್ತು. “ಇನ್ನೊಂದಿಷ್ಟು ಕೊಡ್ರಿ” ಎಂದ. ಅದೂ ಖಾಲಿಯಾಯಿತು. “ಪಾಪ, ಬಿಸಿಲಾಗ ಬಂದಾನ,” ಎಂದು ಖಾತೂನ್‌ಬೀ ತಾನೇ ಹೆಲ್ಮೆಟ್ಟು ಬಗ್ಗಿಸಿ ಬಗ್ಗಿಸಿ ಸುರಿದಳು. ತಳದ ಕೊನೆಯ ಹನಿಯವರೆಗೆ ಕುಡಿದು, ಖಾಲಿ ಗ್ಲಾಸಿನೊಳಗೆ ನೋಡುತ್ತ ಕೂತವನಿಗೆ, ಇನ್ನೂ ಕೇಳಲು ನಾಚಿಕೆಯಾಯಿತು.

ಹಫೀಜ್ ಓಣಿಯ ತಿರುವಿನವರೆಗೆ ಬಂದ. ಅಲ್ಲಿ ನಿಂತು, ಸುತ್ತ ನೋಡಿ, “ಕಬ್ಬಿಣ ಮಾಯ್ತೈತೇನ್ರಿ ಅಣ್ಣಾರ?” ಎಂದ.

“ನಾಳೆ ತಂದು ಕೊಡ್ತೀನಿ ಹಫೀಜ್. ನಾಳೆ ಯಾಕ, ಇವತ್ತ—”

“ಬ್ಯಾಡ.” ಅವನು ಧ್ವನಿ ಏರಿಸಲಿಲ್ಲ. “ಆಕಿ ಮಾರಿ ನೋಡಿದ್ರಿಲ್ಲ? ನಾ ಹುಟ್ಟಿದಾಗಿಂದ ಆ ಮಾರಿ ಹಂಗ ನೋಡಿಲ್ಲ. ಈಗ ನೀವು ತೂತಿಂದು ತಂದಿಟ್ರ ಆಕಿ ಉಳಿಯಂಗಿಲ್ಲ. ಅದು ಇನ್ನ ಈ ಮನಿಗಿ ಬರಬಾರದು. ನಿಮಗ ಬೇಕಾಗಿತ್ತಲ್ಲ? ಇಟ್ಕೊರ್ರಿ.” ಮನೆಯ ಕಡೆ ಒಂದು ಹೆಜ್ಜೆ ಇಟ್ಟು, “ಇಟ್ಕೊಂಡು, ಆತನ ನೀರಡಿಕಿನೂ ನೀವ ನೋಡ್ಕೋರ್ರಿ” ಎಂದು ತಿರುಗಿ ನಡೆದುಬಿಟ್ಟ.

ಬಸ್ ಸ್ಟ್ಯಾಂಡಿನಲ್ಲಿ ಆದಪ್ಪ ನೀರಿನ ಬಾಟಲಿ ತೆಗೆದುಕೊಂಡು ನಿಂತಲ್ಲೇ ಕುಡಿದು, ಇನ್ನೊಂದು ತೆಗೆದುಕೊಂಡ. ಹೊಟ್ಟೆ ಬಿಗಿದು ನೋಯುತ್ತಿತ್ತು. ಗಂಟಲು ಮಾತ್ರ ಒಲೆಯ ಬೂದಿ ಸುರಿದಂತೆ ಒಣಗಿತ್ತು. ಬಸ್ಸಿನಲ್ಲಿ ಪಕ್ಕದ ಸೀಟಿನಾಕೆ ತನ್ನ ಮಗುವಿಗೆಂದು ತಂದಿದ್ದ ನೀರನ್ನು ಕೇಳಿದ. ಅವಳು ಕೊಟ್ಟಳು, ಅವನು ಕುಡಿಯುವ ರೀತಿ ನೋಡಿ, ಖಾಲಿ ಬಾಟಲಿ ವಾಪಸು ತೆಗೆದುಕೊಳ್ಳದೆ ಮಗುವನ್ನು ಆ ಕಡೆಯ ತೊಡೆಗೆ ಸರಿಸಿಕೊಂಡಳು. ಮಸ್ಕಿ ಯಾವಾಗ ಬಂತು ಹೋಯಿತು ತಿಳಿಯಲಿಲ್ಲ. ಕಣ್ಣು ಮುಚ್ಚಿದರೆ ಎಂದೂ ನೋಡದ ಕಾಡು. ಒದ್ದೆಯಾದ, ಹಸಿರಾದ, ಎಲ್ಲ ಎಲೆಗಳಿಂದಲೂ ನೀರು ತೊಟ್ಟಿಕ್ಕುವ ಕಾಡು. ಅಂಗಾತ ಬಿದ್ದವನ ಬಾಯಿಗೆ ಮಾತ್ರ ಒಂದು ಹನಿಯೂ ಬೀಳುತ್ತಿಲ್ಲ. ಕಣ್ಣು ತೆರೆದರೆ ಗದ್ದೆಗಳು ಶುರುವಾಗಿದ್ದವು. ಎರಡೂ ಕಡೆ ನೀರು, ಇಳಿಬಿಸಿಲಿನಲ್ಲಿ ಹೊಳೆಯುವ ನೀರು. “ಇಳೀತೀನ್ರಿ,” ಎಂದು ಎದ್ದ. ಕಂಡಕ್ಟರ್ ಏನೋ ಗೊಣಗಿದ. ಸಿಂಧನೂರು ಇನ್ನೂ ದೂರವಿತ್ತು.

ಕಾಲುವೆಯ ಏರಿ ಇಳಿದು, ಗದ್ದೆಗೆ ನೀರು ಹಾಯುವ ತೂಬಿನ ಪಕ್ಕ ಮಂಡಿಯೂರಿದ. ಚೀಲ ಎಲ್ಲಿ ಬಿತ್ತೋ ನೋಡಲಿಲ್ಲ. ಬೊಗಸೆಯಲ್ಲಿ ಎತ್ತಿದ, ಬಾಯಿಗೆ ತರುವಷ್ಟರಲ್ಲಿ ಬೊಗಸೆ ಖಾಲಿ. ಬೆರಳು ಬಿಗಿಯಾಗಿ ಸೇರಿಸಿ ಮತ್ತೆ ಎತ್ತಿದ, ಮತ್ತೆ ಖಾಲಿ. ಕೊನೆಗೆ ಎರಡೂ ಅಂಗೈ ಕೆಸರಿಗೆ ಊರಿ, ದನದ ಹಾಗೆ ಬಗ್ಗಿ, ನೀರಿಗೆ ಬಾಯಿ ಇಟ್ಟ.

ಮೇಲೆ ಏರಿಯ ಮೇಲೆ ಟ್ರ್ಯಾಕ್ಟರೊಂದು ಬಂದು ನಿಂತ ಸದ್ದಾಯಿತು. ಎಂಜಿನ್ನು ಗುಡುಗುಡು ಅನ್ನುತ್ತಲೇ ಇತ್ತು. ಅದರ ಮೇಲಿಂದ ಯಾರೋ ಗಾಬರಿಯಾಗಿ ಕೂಗಿದರು:

“ಏ ಯಜಮಾನ್ರ! ಆ ನೀರು ಕುಡೀಬ್ಯಾಡ್ರಿ, ಮುಂಜಾನಿ ಗದ್ದಿಗಿ ಎಣ್ಣಿ ಹೊಡದಾರ, ವಿಷಾ ಐತದು! ಇಬ್ರೂ ಮ್ಯಾಲ ಬರ್ರಿ!”

ಆದಪ್ಪ ತಲೆ ಎತ್ತಲಿಲ್ಲ. ಮಂಡಿಯನ್ನು ಕೆಸರಿನಲ್ಲಿ ಎಳೆದುಕೊಂಡು ಒಂದಿಷ್ಟು ಸರಿದು, ಪಕ್ಕದವನಿಗೆ ಜಾಗ ಬಿಟ್ಟುಕೊಟ್ಟ.